ಸಂಜೆ ಏಳರಿಂದ ಹತ್ತರವರೆಗೆ ನಿಮ್ಮ ಮನೆಯಲ್ಲಿ ಏನೇನು ಹೊತ್ತಿಸುತ್ತೀರಿ?

ನವನಗರದ ತಾಯಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ನಾವು ನವಲಗುಂದ ಕಡೆಯ ಹಳ್ಳಿಯವರು. ಎರಡು ವರ್ಷದ ಹಿಂದೆ ಹುಬ್ಬಳ್ಳಿ ನವನಗರಕ್ಕೆ ಬಂದೆವು. ಬಾಡಿಗೆ ಮನೆ, ಮೊದಲ ಮಹಡಿ, ಎರಡು ಕೋಣೆ, ಒಂದು ಅಡುಗೆಮನೆ. ಊರಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಮಗನಿಗೆ ಈಗ ಆರು ವರ್ಷ. ಊರಲ್ಲಿ ಇದ್ದಾಗ ಅವನಿಗೆ ನೆಗಡಿ ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ರಾತ್ರಿ ಕೆಮ್ಮು. ಒಂಬತ್ತೂವರೆಗೆ ಮಲಗಿಸಿದರೆ ಹತ್ತಕ್ಕೆ ಶುರು. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಬೆನ್ನಿಗೆ ಕಿವಿ ಇಟ್ಟರೆ ಸುಂಯ್ ಅಂತ ಸಪ್ಪಳ ಕೇಳುತ್ತದೆ.

ಹೋದ ವಾರ ಡಾಕ್ಟರಿಗೆ ತೋರಿಸಿದೆವು. ಎಕ್ಸ್‌ರೇ ಚೆನ್ನಾಗಿದೆ, ಉಬ್ಬಸದ ಲಕ್ಷಣ ಇದೆ ಎಂದು ಇನ್ಹೇಲರ್ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು: "ಸಂಜೆ ಏಳರಿಂದ ಹತ್ತರವರೆಗೆ ಮನೆಯಲ್ಲಿ ಏನೇನು ಹೊತ್ತಿಸುತ್ತೀರಿ?" ನನಗೆ ತಟ್ಟನೆ ಹೇಳಲು ಆಗಲಿಲ್ಲ. ಮನೆಗೆ ಬಂದು ಮಗನ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದೆ.

ಐದೂವರೆಗೆ ಸೊಳ್ಳೆ ಬರುತ್ತವೆ ಎಂದು ಎಲ್ಲಾ ಕಿಟಕಿ ಹಾಕುತ್ತೇವೆ. ಆರೂವರೆಗೆ ದೀಪ, ಎರಡು ಊದಿನಕಡ್ಡಿ, ಕರ್ಪೂರ. ಏಳಕ್ಕೆ ರೊಟ್ಟಿ, ಒಗ್ಗರಣೆ. ಮಂಗಳವಾರ, ಶುಕ್ರವಾರ ಅತ್ತೆ ಲೋಬಾನ ಹಾಕುತ್ತಾರೆ. ಒಂಬತ್ತಕ್ಕೆ ಮಂಚದ ಕೆಳಗೆ ಸೊಳ್ಳೆ ಬತ್ತಿ. ಮಳೆ ಇದ್ದರೆ ಒದ್ದೆ ಬಟ್ಟೆಯೂ ಅದೇ ಕೋಣೆಯಲ್ಲಿ ಹಗ್ಗದ ಮೇಲೆ. ಕಿಟಕಿ ಮತ್ತೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಬರೆದು ಮುಗಿಸಿ ಓದಿದಾಗ ಎದೆ ಧಸಕ್ಕೆಂದಿತು.

ಅತ್ತೆಗೆ ತೋರಿಸಿದೆ. "ನಾನು ಕಟ್ಟಿಗೆ ಒಲೆ ಮುಂದೆ ಐದು ಮಕ್ಕಳನ್ನು ಬೆಳೆಸಿದೆ. ಯಾರಿಗೆ ಏನಾಯಿತು?" ಎಂದರು. ಅವರು ಹೇಳುವುದು ಸುಳ್ಳಲ್ಲ. ಹಾಗಾದರೆ ಇಲ್ಲಿ ಯಾಕೆ ಹೀಗೆ? ಹೊಗೆಯೋ, ಹವೆಯೋ, ಮನೆಯೋ? ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ ಹೇಳಿ.

ಗೋಕುಲ ರಸ್ತೆ:
ಸೊಳ್ಳೆ ಬತ್ತಿ ಇವತ್ತೇ ನಿಲ್ಲಿಸಿ ಅಕ್ಕ. ಉಳಿದದ್ದು ಆಮೇಲೆ ಮಾತಾಡೋಣ.

ಹಳೇ ಹುಬ್ಬಳ್ಳಿ ಹುಡುಗ:
ಹೇಳುವುದು ಸುಲಭ. ನಮ್ಮ ಓಣಿಗೆ ಬಂದು ಒಂದು ರಾತ್ರಿ ಬತ್ತಿ ಇಲ್ಲದೆ ಮಲಗಿ ನೋಡಿ. ನನ್ನ ತಂಗಿ ಡೆಂಗ್ಯೂ ಆಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಪ್ಲೇಟ್‌ಲೆಟ್ ಇಳಿಯುವುದನ್ನು ದಿನಾ ಚೀಟಿ ಹಿಡಿದು ನೋಡಿದವನು ನಾನು. ಹೊಗೆ ಕೆಟ್ಟದ್ದು, ಒಪ್ಪುತ್ತೇನೆ. ಡೆಂಗ್ಯೂ ಅದಕ್ಕಿಂತ ಕೆಟ್ಟದ್ದು.

ಗೋಕುಲ ರಸ್ತೆ:
ಒಂದು ಬತ್ತಿ ಅಂದರೆ ನೂರು ಸಿಗರೇಟು ಸೇದಿದ ಹಾಗೆ. ಆರು ವರ್ಷದ ಕೂಸಿಗೆ ಅದು ಬೇಕಾ?

ಮಾಳಮಡ್ಡಿ ಮೇಷ್ಟ್ರು:
ಆ ಮಾತನ್ನು ಹಾಗೆಯೇ ಹೇಳಿದರೆ ತಪ್ಪಾಗುತ್ತದೆ. ನಾನು ರಸಾಯನಶಾಸ್ತ್ರ ಕಲಿಸಿದವನು, ಅದಕ್ಕೇ ಹೇಳುತ್ತಿದ್ದೇನೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಸುಟ್ಟು ಅಳೆದರು. ಒಂದು ಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಸಣ್ಣ ಕಣಗಳ ತೂಕ 75ರಿಂದ 137 ಸಿಗರೇಟು ಉರಿದಾಗ ಬರುವಷ್ಟು ಇತ್ತು. ಅದು ಕೋಣೆಗೆ ಬೀಳುವ ಕಣಗಳ ಲೆಕ್ಕ. ಯಾರೋ ನೂರು ಸಿಗರೇಟು ಸೇದಿದ ಲೆಕ್ಕ ಅಲ್ಲ. ಸೇದುವವನು ನೇರ ಎದೆಗೆ ಎಳೆದುಕೊಳ್ಳುತ್ತಾನೆ. ಬತ್ತಿಯ ಹೊಗೆ ಮೊದಲು ಕೋಣೆ ತುಂಬುತ್ತದೆ. ಅದರಲ್ಲಿ ಮಗುವಿನ ಎದೆಗೆ ಎಷ್ಟು ಹೋಗುತ್ತದೆ ಅನ್ನುವುದು ಕೋಣೆ ಎಷ್ಟು ದೊಡ್ಡದು, ಗಾಳಿ ಎಷ್ಟು ಬದಲಾಗುತ್ತದೆ ಅನ್ನುವುದರ ಮೇಲೆ.

ಆದರೆ ತಂಗಿ, ನಿಮ್ಮ ಮನೆಯ ಲೆಕ್ಕ ನೋಡಿದರೆ ಸಣ್ಣ ಕೋಣೆ, ಕಿಟಕಿ ಬಂದ್, ಬತ್ತಿ ಮಂಚದ ಕೆಳಗೆ. ಹೊಗೆ ಮೇಲೇಳುವ ಜಾಗದಲ್ಲೇ ಮಗುವಿನ ಮುಖ. ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಈ ಕಣಗಳು ನಮ್ಮ ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು, ಅದಕ್ಕಿಂತಲೂ ಸಣ್ಣವು. ಮೂಗಿನ ಕೂದಲು ಅವನ್ನು ತಡೆಯುವುದಿಲ್ಲ.

ಲೈನ್ ಬಜಾರ್ ಸಿಸ್ಟರ್:
ಹಳೇ ಹುಬ್ಬಳ್ಳಿ ತಮ್ಮಾ, ನಿನ್ನ ಸಂಕಟ ಅರ್ಥ ಆಗುತ್ತದೆ. ನಾನು ಜ್ವರದ ವಾರ್ಡಿನಲ್ಲಿ ಕೆಲಸ ಮಾಡಿದವಳು. ಆದರೆ ಒಂದು ಮಾತು ಕೇಳು. ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ಸೂರ್ಯ ಮೂಡಿದ ಮೇಲೆ ಒಂದೆರಡು ತಾಸು, ಮುಳುಗುವ ಮೊದಲು ಒಂದೆರಡು ತಾಸು ಅದರ ಹಾವಳಿ ಜೋರು. ರಾತ್ರಿ ಒಂಬತ್ತಕ್ಕೆ ಬತ್ತಿ ಹಚ್ಚಿದರೆ ಓಡುವುದು ಹೆಚ್ಚಾಗಿ ಗಟಾರದ ಸೊಳ್ಳೆ. ಡೆಂಗ್ಯೂ ತಡೆಯಲು ಎಂದು ರಾತ್ರಿಯಿಡೀ ಹೊಗೆ ಕುಡಿದು, ಬೆಳಿಗ್ಗೆ ಏಳಕ್ಕೆ ಅರ್ಧ ಚಡ್ಡಿಯಲ್ಲಿ ಮಗುವನ್ನು ಬ್ಯಾರಲ್ ಪಕ್ಕ ಆಡಲು ಬಿಡುವ ಮನೆಗಳನ್ನು ಎಷ್ಟೋ ನೋಡಿದ್ದೇನೆ.

ರಾತ್ರಿಗೆ ಸೊಳ್ಳೆ ಪರದೆ ಕಟ್ಟಿ. ಹಗಲಿಗೆ ಮೈತುಂಬ ಬಟ್ಟೆ. ಮುಖ್ಯ ಕೆಲಸ ಇರುವುದು ನೀರಿನ ಹತ್ತಿರ.

ಹಳೇ ಹುಬ್ಬಳ್ಳಿ ಹುಡುಗ:
ಸಿಸ್ಟರ್, ಹಗಲು ಕಚ್ಚುತ್ತದೆ ಅನ್ನುವುದು ನಿಜವಾಗಿ ಗೊತ್ತಿರಲಿಲ್ಲ. ನೀರಿನ ಹತ್ತಿರ ಅಂದಿರಿ. ನಮಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಎರಡು ಬ್ಯಾರಲ್, ಒಂದು ಹಂಡೆ, ಹತ್ತು ಕೊಡ ತುಂಬಿ ಇಡಲೇಬೇಕು. ತುಂಬಿ ಇಡದೆ ಏನು ಮಾಡುವುದು?

ಲೈನ್ ಬಜಾರ್ ಸಿಸ್ಟರ್:
ತುಂಬಿ ಇಡಿ. ಆದರೆ ಬಾಯಿಗೆ ದಪ್ಪ ಅರಿವೆ ಹಾಕಿ ಸುತ್ತ ಹಗ್ಗ ಬಿಗಿದು ಕಟ್ಟಿ. ಮೇಲೆ ತಟ್ಟೆ ಮುಚ್ಚಿದರೆ ಸಾಲದು, ಸಂದಿ ಇರುತ್ತದೆ. ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಸುಮ್ನೆ ನೀರು ಚೆಲ್ಲಿದರೆ ಮೊಟ್ಟೆ ಗೋಡೆಗೆ ಅಂಟಿಕೊಂಡೇ ಇರುತ್ತವೆ. ಒಣಗಿ ತಿಂಗಳುಗಟ್ಟಲೆ ಇದ್ದರೂ ಸಾಯುವುದಿಲ್ಲ. ಮತ್ತೆ ನೀರು ತುಂಬಿದ ದಿನ ಮರಿ ಆಗುತ್ತವೆ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಎಂಟು ಹತ್ತು ದಿನ ಸಾಕು. ಅದಕ್ಕೇ ವಾರದ ಲೆಕ್ಕ.

ಸಾಧನಕೇರಿ:
ಫ್ರಿಜ್ ಹಿಂದೆ ನೋಡಿ ಎಲ್ಲರೂ! ನಮ್ಮ ಮನೆಗೆ ಆಶಾ ಕಾರ್ಯಕರ್ತೆ ಬಂದಾಗ ನಾನು ಬಲು ಧೈರ್ಯದಿಂದ "ನಮ್ಮಲ್ಲಿ ಎಲ್ಲಾ ಸ್ವಚ್ಛ" ಎಂದೆ. ಆಕೆ ಬಗ್ಗಿ ಫ್ರಿಜ್ ಹಿಂದಿನ ಟ್ರೇಗೆ ಟಾರ್ಚ್ ಬಿಟ್ಟಳು. ಎರಡು ಬೆರಳು ನೀರು. ಬೆಳಕು ಬಿದ್ದ ಕೂಡಲೇ ಹುಳುಗಳು ತಲೆ ಕೆಳಗೆ ಮಾಡಿ ತಳಕ್ಕೆ ಓಡಿದವು. ಒಂದು ಚಮಚ ಎಣ್ಣೆಯಷ್ಟು ಜಾಗದಲ್ಲಿ ಮೂವತ್ತಾದರೂ ಇದ್ದವು. ಏಳು ವರ್ಷದಿಂದ ಆ ಫ್ರಿಜ್ ನಮ್ಮಲ್ಲಿದೆ. ಹಿಂದೆ ಟ್ರೇ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಉಣಕಲ್ ಕಾಕಾ:
ನೀರಿನ ಮಾತು ಬಂತು, ಹೇಳುತ್ತೇನೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಕೊಟ್ಟರಲ್ಲ, ನಮ್ಮ ಅಕ್ಕನ ಮನೆ ಆ ಭಾಗದಲ್ಲಿತ್ತು. ನಲ್ಲಿ ತಿರುಗಿಸಿದಾಗಲೆಲ್ಲ ನೀರು. ಆದರೂ ಒಂದು ವರ್ಷ ಅಕ್ಕ ಬ್ಯಾರಲ್ ಬಿಡಲಿಲ್ಲ. ನಾಳೆ ಬರುತ್ತದೋ ಇಲ್ಲವೋ ಅನ್ನುವ ಹೆದರಿಕೆ. ನೀರಿನ ವ್ಯವಸ್ಥೆ ಸರಿ ಮಾಡುವುದು ಸರ್ಕಾರದ ಕೆಲಸ, ಅದನ್ನು ಗಟ್ಟಿಯಾಗಿ ಕೇಳಬೇಕು. ಎಲ್ಲವನ್ನೂ ಮನೆಯ ಹೆಣ್ಣುಮಕ್ಕಳ ತಲೆ ಮೇಲೆ ಹಾಕಬೇಡಿ.

ಬ್ಯಾಡಗಿ ಸೊಸೆ:
ಕಾಕಾ ಹೇಳಿದ ಕೊನೇ ಮಾತಿಗೆ ನನ್ನ ಕೈ ಮೇಲೆ.

ಕುಂದಗೋಳದ ಮೊಮ್ಮಗಳು:
ನವನಗರದ ಅಕ್ಕ, ನಿಮ್ಮ ಅತ್ತೆಯ ಮಾತನ್ನು ನಮ್ಮ ಆಯಿಗೆ ಓದಿ ಹೇಳಿದೆ. ಎಂಬತ್ತು ದಾಟಿದೆ ಆಯಿಗೆ. ಅವಳು ಹೇಳಿದ್ದನ್ನು ಬರೆಯುತ್ತಿದ್ದೇನೆ.

"ಅವಳ ಅತ್ತೆ ಮನೆಯಲ್ಲಿ ಒಲೆ ಮೇಲೆ ಬೆಳಕಿಂಡಿ ಇತ್ತೋ ಇಲ್ಲವೋ ಕೇಳು. ಇದ್ದೇ ಇರುತ್ತದೆ. ಮುಂಜಾನೆ ಎದ್ದು ಕೋಲಿನಿಂದ ಮುಚ್ಚಳ ಸರಿಸಿ ಆಮೇಲೆ ಒಲೆ ಹೊತ್ತಿಸುತ್ತಿದ್ದೆವು. ಹೊಗೆ ಕಂಬದ ಹಾಗೆ ನಿಂತು ಮೇಲೆ ಹೋಗುತ್ತಿತ್ತು. ಮಳೆ ಬಂದರೆ ಮುಚ್ಚಬೇಕು, ಆಗ ಕಣ್ಣು ಬಿಡಲು ಆಗುತ್ತಿರಲಿಲ್ಲ. ಮಕ್ಕಳನ್ನು ಪಡಸಾಲೆಗೆ ಕಳಿಸುತ್ತಿದ್ದೆವು. ಈಗಿನ ಮನೆಯಲ್ಲಿ ಬೆಳಕಿಂಡಿಯೂ ಇಲ್ಲ, ಪಡಸಾಲೆಯೂ ಇಲ್ಲ."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಹೇಳಿದಳು. ಅವಳ ಅವ್ವ ಬೀಡಿ ಮುಟ್ಟಿದವಳಲ್ಲ. ಆದರೂ ಕೊನೆಯ ಹತ್ತು ವರ್ಷ ದಮ್ಮು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳಂತೆ. "ವಯಸ್ಸು ಎಂದುಕೊಂಡೆವು" ಎಂದಳು ಆಯಿ.

ಲೈನ್ ಬಜಾರ್ ಸಿಸ್ಟರ್:
ಆಯಿಗೆ ನನ್ನ ನಮಸ್ಕಾರ ಹೇಳಿ. ಅದು ವಯಸ್ಸೊಂದೇ ಆಗಿರಲಿಕ್ಕಿಲ್ಲ. ಒಲೆಯ ಮುಂದೆ ಮೂವತ್ತು ನಲವತ್ತು ವರ್ಷ ಕೂತ ಹೆಂಗಸರಿಗೆ ಸಿಗರೇಟು ಸೇದುವವರಿಗೆ ಬರುವ ಶ್ವಾಸಕೋಶದ ಕಾಯಿಲೆಯೇ ಬರುತ್ತದೆ. ಮನೆಯೊಳಗಿನ ಒಲೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅದರಲ್ಲಿ ಐದು ವರ್ಷದೊಳಗಿನ ಮಕ್ಕಳು ಎರಡು ಲಕ್ಷಕ್ಕೂ ಜಾಸ್ತಿ. ಆ ಕಾಲದಲ್ಲೂ ಆಗುತ್ತಿತ್ತು. ಅದಕ್ಕೆ ಹೆಸರು ಇಡುವವರು ಇರಲಿಲ್ಲ.

ಗದಗ ರೊಟ್ಟಿ ಅಕ್ಕ:
ನಾನು ಮನೆಯಲ್ಲೇ ರೊಟ್ಟಿ ಬಡಿದು ಮಾರುವವಳು. ದಿನಕ್ಕೆ ಇನ್ನೂರು, ಹಬ್ಬ ಇದ್ದರೆ ನಾನೂರು. ಹನ್ನೊಂದು ವರ್ಷ ಆಯಿತು. ಗ್ಯಾಸ್ ಬಂದ ಮೇಲೆ ಹೊಗೆ ಇಲ್ಲ ಎಂದುಕೊಂಡಿದ್ದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಗಂಟಲು ಕೆರೆತ, ಕಣ್ಣುರಿ. ಯಾಕೆ ಎಂದು ಒಂದು ದಿನ ಕೂತು ನೋಡಿದೆ.

ರೊಟ್ಟಿಗೆ ಅಂಟಿದ ಒಣಹಿಟ್ಟು ಹಂಚಿನ ಮೇಲೆ ಉದುರುತ್ತದೆ. ಅದು ಮೊದಲು ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ನೀಲಿ ಹೊಗೆ ಬಿಡುತ್ತದೆ. ಮೂವತ್ತು ರೊಟ್ಟಿಗೊಮ್ಮೆ ಹಂಚು ಒರೆಸುತ್ತಿದ್ದೆ. ಈಗ ಐದಕ್ಕೊಮ್ಮೆ. ಒಣ ಅರಿವೆ ಸುತ್ತಿದ ಕಟ್ಟಿಗೆಯಿಂದ ಒಂದೇ ಸುತ್ತು. ಅರ್ಧ ಹೊಗೆ ಅಲ್ಲೇ ಕಡಿಮೆ ಆಯಿತು.

ಇನ್ನೊಂದು, ಹೊರಗೆ ಎಳೆಯುವ ಫ್ಯಾನ್. ನಮ್ಮದು ನನ್ನ ಬೆನ್ನ ಹಿಂದಿನ ಗೋಡೆಯಲ್ಲಿತ್ತು. ಒಲೆಯಿಂದ ಎದ್ದ ಹೊಗೆ ಫ್ಯಾನ್ ಕಡೆ ಹೋಗುವಾಗ ನನ್ನ ಮುಖದ ಮೇಲೆಯೇ ಹಾದು ಹೋಗುತ್ತಿತ್ತು. ಫ್ಯಾನ್ ಹಾಕಿದ್ದೇವೆ ಎಂದು ಸಮಾಧಾನ ಬೇರೆ. ಹೋದ ದೀಪಾವಳಿಗೆ ಗೌಂಡಿಯನ್ನು ಕರೆಸಿ ಒಲೆಯ ಹಿಂದಿನ ಗೋಡೆಗೆ, ಮೇಲುಗಡೆ ಹಾಕಿಸಿದೆ. ಕಣ್ಣುರಿ ನಿಂತಿತು.

ಗ್ಯಾಸ್ ಒಲೆ ರಿಪೇರಿ, ಹಾವೇರಿ:
ಅಕ್ಕ ಸರಿಯಾಗಿ ಹೇಳಿದರು. ಅದಕ್ಕೆ ಒಂದು ಸೇರಿಸಿ. ಫ್ಯಾನ್ ಗಾಳಿ ಹೊರಗೆ ಎಳೆಯಬೇಕಾದರೆ ಒಳಗೆ ಬರಲು ದಾರಿ ಬೇಕು. ಅಡುಗೆಮನೆ ಬಾಗಿಲು, ಕಿಟಕಿ ಎಲ್ಲಾ ಹಾಕಿ ಫ್ಯಾನ್ ಹಚ್ಚಿದರೆ ಅದು ಸುಮ್ನೆ ತಿರುಗುತ್ತದೆ.

ಉರಿ ನೀಲಿ ಇರಬೇಕು. ಹಳದಿ ಇದ್ದರೆ, ಪಾತ್ರೆ ತಳ ಕಪ್ಪಾಗುತ್ತಿದ್ದರೆ, ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ ಎಂದು ಅರ್ಥ. ಬರ್ನರ್ ತೆಗೆದು ತೂತುಗಳನ್ನು ಸೂಜಿಯಿಂದ ಬಿಡಿಸಿ. ಹಾಲು ಉಕ್ಕಿದ ಮೇಲೆ ಯಾರೂ ಇದನ್ನು ಮಾಡುವುದಿಲ್ಲ. ಮೇಲೆ ಚಿಮಣಿ ಹಾಕಿಸುವವರು ಪೈಪ್ ಹೊರಗೆ ಹೋಗುತ್ತದೆಯೇ ನೋಡಿ. ಪೈಪ್ ಇಲ್ಲದ ಚಿಮಣಿ ಜಿಡ್ಡು ಹಿಡಿದು ಗಾಳಿಯನ್ನು ಮತ್ತೆ ಮನೆಯೊಳಗೇ ಬಿಡುತ್ತದೆ.

ಬ್ಯಾಡಗಿ ಸೊಸೆ:
ನಮ್ಮ ಕಡೆ ಮೆಣಸಿನಕಾಯಿ ಹುರಿಯುವುದು ಯಾವತ್ತೂ ಹಿತ್ತಲಲ್ಲೇ. ಮೂರು ಕಲ್ಲಿಟ್ಟು ಒಲೆ, ಗಾಳಿ ಯಾವ ಕಡೆ ಬೀಸುತ್ತದೆ ನೋಡಿ ಬೆನ್ನು ತಿರುಗಿಸಿ ಕೂರುವುದು. ಹುಬ್ಬಳ್ಳಿಯಲ್ಲಿ ನಾದಿನಿ ಫ್ಲಾಟಿನ ಅಡುಗೆಮನೆಯಲ್ಲಿ ಎರಡು ಕೇಜಿ ಹುರಿದಳು. ಮೇಲಿನ ಮನೆಯವರೂ ಕೆಮ್ಮುತ್ತಾ ಕೆಳಗಿಳಿದು ಬಂದರು.

ಗೋಕುಲ ರಸ್ತೆ:
ರೊಟ್ಟಿ ಅಕ್ಕ, ಹುಬ್ಬಳ್ಳಿಗೆ ಕಳಿಸುತ್ತೀರಾ? ಖಟಕ್ ರೊಟ್ಟಿ ಐವತ್ತು ಬೇಕಿತ್ತು.

ಗದಗ ರೊಟ್ಟಿ ಅಕ್ಕ:
ಬಸ್ಸಿನಲ್ಲಿ ಹಾಕಿ ಕಳಿಸುತ್ತೇನೆ ತಮ್ಮಾ. ಬೇರೆ ಮಾತಾಡೋಣ, ಇಲ್ಲಿ ಮಗುವಿನ ವಿಷಯ ನಡೆದಿದೆ.

ಕೇಶ್ವಾಪುರ ಹಿರಿಯರು:
ಇಷ್ಟೊತ್ತು ಓದಿದೆ. ಎಲ್ಲದಕ್ಕೂ ಒಪ್ಪಿಗೆ. ಆದರೆ ಊದಿನಕಡ್ಡಿ, ಕರ್ಪೂರ, ಲೋಬಾನ ಕೂಡ ಪಟ್ಟಿಗೆ ಸೇರಿಸಿದ್ದು ಸರಿ ಕಾಣಲಿಲ್ಲ. ದೇವರ ಮುಂದೆ ಎರಡು ಕಡ್ಡಿ ಹಚ್ಚಿದರೆ ಉಬ್ಬಸ ಬರುತ್ತದೆಯೇ? ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದೇವೆ.

ಮಾಳಮಡ್ಡಿ ಮೇಷ್ಟ್ರು:
ಹಿರಿಯರೇ, ನಾನೂ ದಿನಾ ಪೂಜೆ ಮಾಡುವವನು. ಕಡ್ಡಿಯಿಂದಲೇ ಕಾಯಿಲೆ ಬಂತು ಎಂದು ಯಾರೂ ಹೇಳಿಲ್ಲ. ಆದರೆ ಕಡ್ಡಿ ಉರಿದರೂ ಬರುವುದು ಅದೇ ಸಣ್ಣ ಕಣ. ಭಕ್ತಿಯಿಂದ ಹಚ್ಚಿದ್ದು ಯಾವುದು, ಸೊಳ್ಳೆಗೆ ಹಚ್ಚಿದ್ದು ಯಾವುದು ಎಂದು ಮಗುವಿನ ಶ್ವಾಸನಾಳಕ್ಕೆ ಗೊತ್ತಾಗುವುದಿಲ್ಲ. ದೇವಸ್ಥಾನದಲ್ಲಿ ಎತ್ತರದ ಮಾಡು, ನಾಲ್ಕು ಕಡೆ ಬಾಗಿಲು. ನಮ್ಮ ದೇವರ ಕೋಣೆ ಅಂದರೆ ಈಗ ಅಡುಗೆಮನೆಯ ಒಂದು ಕಪಾಟು.

ಕೇಶ್ವಾಪುರ ಹಿರಿಯರು:
ಹಾಗಾದರೆ ಬಿಟ್ಟುಬಿಡಬೇಕೇ?

ಬಂಕಾಪುರ ಚೌಕ:
ಬಿಡುವುದು ಬೇಡ ಕಾಕಾ, ಜಾಗ ಬದಲಿಸಿದರೆ ಸಾಕು. ನಮ್ಮ ಮನೆಯಲ್ಲಿ ಗುರುವಾರ ಸಂಜೆ ಲೋಬಾನ ಹಾಕದೇ ಇರುವುದಿಲ್ಲ. ನನ್ನ ಮಗಳು ಹುಟ್ಟಿದಾಗ ಎಣ್ಣೆ ಸ್ನಾನ ಆದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂಸಿನ ತಲೆ ಒಣಗಿಸುತ್ತಿದ್ದರು, ಕೆಳಗೆ ಲೋಬಾನದ ಕೆಂಡ. ಮಗು ಉಸಿರು ಬಿಗಿಹಿಡಿದು ಕೆಂಪಗಾಗುತ್ತಿತ್ತು. ನೋಡಲಾಗದೆ ನಾನೇ ಅಮ್ಮಿಯ ಕೈ ಹಿಡಿದೆ. ಜಗಳ ಆಯಿತು, ಎರಡು ದಿನ ಅಮ್ಮಿ ಮಾತು ಬಿಟ್ಟರು. ಈಗ ಕೆಂಡದ ಬಟ್ಟಲು ಅಂಗಳದಲ್ಲಿ. ಪೂರ್ತಿ ಹೊಗೆ ಆರಿದ ಮೇಲೆ ಒಳಗೆ ತರುತ್ತಾರೆ. ವಾಸನೆ ಇರುತ್ತದೆ, ಹೊಗೆ ಇರುವುದಿಲ್ಲ. ಕೂಸಿನ ತಲೆಗೆ ಒಣ ಟವಲ್ ಸಾಕು.

ಸಾಧನಕೇರಿ:
ನಮ್ಮಲ್ಲಿ ಕಡ್ಡಿ ತುಳಸಿಕಟ್ಟೆಗೆ. ಒಳಗೆ ಹೂವು ಮತ್ತು ಎಣ್ಣೆ ದೀಪ.

ಕೇಶ್ವಾಪುರ ಹಿರಿಯರು:
ತುಳಸಿಕಟ್ಟೆ ಆಗಬಹುದು. ಅದು ಮನಸ್ಸಿಗೆ ಬಂತು.

ವಿದ್ಯಾನಗರ ಬಾಲ್ಕನಿ:
ಎಲ್ಲರೂ ಕಿಟಕಿ ತೆಗೆಯಿರಿ ಅನ್ನುತ್ತೀರಿ. ನಮ್ಮದು ರಸ್ತೆ ಬದಿ ಮನೆ. ಬೆಳಿಗ್ಗೆ ಟೇಬಲ್ ಒರೆಸಿದರೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಊರುಗಳ ಹೆಸರು ಬಂತು: ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತೆ ನಮ್ಮ ಹುಬ್ಬಳ್ಳಿ-ಧಾರವಾಡ. ಹೊರಗಿನ ಗಾಳಿ ಅಷ್ಟು ಚೆನ್ನಾಗಿದ್ದರೆ ಆ ಪಟ್ಟಿಗೆ ಯಾಕೆ ಬರುತ್ತಿತ್ತು? ನಾನು ಕಿಟಕಿ ಹಾಕಿ, ಒಳಗೆ ಹದಿನೈದು ಗಿಡ ಇಟ್ಟಿದ್ದೇನೆ. ಗಿಡ ಗಾಳಿ ಶುದ್ಧ ಮಾಡುತ್ತದೆ ಎಂದು ನಾಸಾ ಹೇಳಿದೆ.

ಮಾಳಮಡ್ಡಿ ಮೇಷ್ಟ್ರು:
ನಾಸಾದ ಆ ಪ್ರಯೋಗ 1989ರದ್ದು. ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ ಗಿಡ ಇಟ್ಟು ನೋಡಿದ್ದು. ನಮ್ಮ ಮನೆ ಅಂತಹ ಪೆಟ್ಟಿಗೆ ಅಲ್ಲ. 2019ರಲ್ಲಿ ಅಂತಹ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದವರು, ಕಿಟಕಿ ತೆಗೆದಷ್ಟು ಕೆಲಸ ಆಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಹತ್ತರಿಂದ ಸಾವಿರ ಗಿಡ ಬೇಕು ಎಂದರು. ಗಿಡ ಇರಲಿ, ಕಣ್ಣಿಗೆ ತಂಪು. ಕುಂಡದ ತಟ್ಟೆಯಲ್ಲಿ ನೀರು ನಿಲ್ಲದ ಹಾಗೆ ನೋಡಿ, ಸಿಸ್ಟರ್ ಹೇಳಿದ ಸೊಳ್ಳೆಗೆ ಅದೂ ಸಾಕು.

ರಸ್ತೆ ಧೂಳಿನ ಮಾತು ಮಾತ್ರ ನಿಜ. ಅದಕ್ಕೆ ಕಿಟಕಿಯನ್ನು ಹೊತ್ತು ನೋಡಿ ತೆಗೆಯಬೇಕು. ಚಳಿಗಾಲದ ಮುಂಜಾನೆ, ಮುಸ್ಸಂಜೆ ಹೊಗೆ ನೆಲಕ್ಕೇ ಕೂತಿರುತ್ತದೆ. ಬಿಸಿಲೇರಿದ ಮೇಲೆ ಗಾಳಿ ಮೇಲೇಳುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ರಸ್ತೆಗೆ ಬೆನ್ನು ಹಾಕಿದ ಕಿಟಕಿಗಳನ್ನು ಪೂರ್ತಿ ತೆಗೆಯಿರಿ. ಅಡುಗೆ ಹೊತ್ತಿನಲ್ಲಿ ಮಾತ್ರ ಹೊರಗೆ ಏನೇ ಇರಲಿ ತೆಗೆಯಲೇಬೇಕು.

ಉಣಕಲ್ ಕಾಕಾ:
ಧೂಳಿಗೆ ನಮ್ಮ ಅವ್ವ ಮಾಡುತ್ತಿದ್ದದ್ದು: ನೀರು ಚಿಮುಕಿಸಿ ಕಸ ಹೊಡೆಯುವುದು, ಚಪ್ಪಲಿ ಹೊರಗೆ, ಕಾಲು ತೊಳೆದು ಒಳಗೆ. ಟೈಲ್ಸ್ ಬಂದ ಮೇಲೆ ಒಣಕಸಬರಿಗೆ ಹಿಡಿದು ಫ್ಯಾನ್ ಹಚ್ಚಿಕೊಂಡು ಗುಡಿಸುತ್ತಾರೆ. ಧೂಳು ನೆಲದಿಂದ ಎದ್ದು ಮಂಚದ ಮೇಲೆ ಕೂರುತ್ತದೆ. ಈಗ ಒದ್ದೆ ಅರಿವೆಯಿಂದ ಒರೆಸಿದರೆ ಅದೇ ಆಯಿತಲ್ಲ.

ಬೆಟಗೇರಿ ಮಗ್ಗ:
ನಮ್ಮದು ನೇಕಾರರ ಮನೆ. ಮಗ್ಗ ಇರುವುದು ಮಲಗುವ ಕೋಣೆಯ ಪಕ್ಕ, ನಡುವೆ ಗೋಡೆ ಇಲ್ಲ. ನೂಲಿನ ನವಿರು ತುಣುಕು ಜೇಡರಬಲೆಯ ಹಾಗೆ ತೊಲೆಗೆ ಜೋತುಬೀಳುತ್ತದೆ. ಅಪ್ಪ ದಿನಾ ಸಂಜೆ ಅದನ್ನು ಬಡಿದು ಉದುರಿಸುತ್ತಿದ್ದರು, ನಾವು ಅಲ್ಲೇ ಊಟಕ್ಕೆ ಕೂರುತ್ತಿದ್ದೆವು. ಕಾಕಾ ಹೇಳಿದ ಹಾಗೆ ಈಗ ಒದ್ದೆ ಅರಿವೆ ಕೋಲಿಗೆ ಕಟ್ಟಿ ಒರೆಸಿ ತೆಗೆಯುತ್ತೇನೆ. ನಡುವೆ ಒಂದು ದಪ್ಪ ಪರದೆ ಇಳಿಬಿಟ್ಟಿದ್ದೇನೆ. ಕೆಲಸವೂ ಮನೆ, ಮನೆಯೂ ಕೆಲಸ ಆದವರಿಗೆ ಇದಕ್ಕಿಂತ ಜಾಸ್ತಿ ಏನು ಮಾಡಬಹುದು, ಗೊತ್ತಿದ್ದವರು ಹೇಳಿ.

ಗದಗ ರೊಟ್ಟಿ ಅಕ್ಕ:
ಅಣ್ಣಾ, ಮಗ್ಗದ ಕೋಣೆಗೂ ನಾನು ಹಾಕಿಸಿದಂಥ ಫ್ಯಾನ್ ನೋಡಿ. ನಿಮ್ಮ ಓಣಿ ನನಗೆ ಗೊತ್ತು, ಹಿಂದಿನ ಗೋಡೆಗೆ ಜಾಗ ಇರುತ್ತದೆ.

ಸಪ್ತಾಪುರ:
ಬಟ್ಟೆ ಮತ್ತು ಬೂಷ್ಟಿನ ವಿಷಯ ಯಾರೂ ಹೇಳಲಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ. ಒಂದು ಮಷಿನ್ ಬಟ್ಟೆ ಒಳಗೆ ಒಣಗಿಸಿದರೆ ಸುಮಾರು ಎರಡು ಲೀಟರ್ ನೀರು ಕೋಣೆಯ ಗಾಳಿಗೆ ಸೇರುತ್ತದೆ. ಅದು ತಣ್ಣಗಿನ ಗೋಡೆಗೆ ಹೋಗಿ ಕೂರುತ್ತದೆ. ನಾವು ಗೋಡೆಗೆ ಅಂಟಿಸಿ ಇಟ್ಟ ಕಪಾಟನ್ನು ನಾಲ್ಕು ವರ್ಷಕ್ಕೆ ಸರಿಸಿದಾಗ ಹಿಂದೆ ಕರಿ ಬೂಷ್ಟು ಆಳೆತ್ತರ. ಕಪಾಟಿನೊಳಗಿನ ಮಗಳ ಸ್ವೆಟರ್ ಕೂಡ ಅದೇ ವಾಸನೆ. ಬ್ಲೀಚ್ ಹಾಕಿ ತೊಳೆದೆವು, ಮೇಲೆ ಬಣ್ಣ ಹೊಡೆಸಿದೆವು. ಮುಂದಿನ ಆಷಾಢಕ್ಕೆ ಬಣ್ಣ ಉಬ್ಬಿ ಮತ್ತೆ ಬಂತು. ಕೊನೆಗೆ ಗೊತ್ತಾಗಿದ್ದು ಹೊರಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದನ್ನು ಮುಚ್ಚಿಸಿ, ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟ ಮೇಲೆ ನಿಂತಿತು.

ಬಟ್ಟೆ ಒಳಗೇ ಹಾಕಬೇಕಾದರೆ ಒಂದು ಕೋಣೆಯಲ್ಲಿ ಹಾಕಿ, ಬಾಗಿಲು ಮುಚ್ಚಿ, ಆ ಕೋಣೆಯ ಕಿಟಕಿ ತೆಗೆಯಿರಿ. ಮಗು ಮಲಗುವ ಕೋಣೆಯಲ್ಲಿ ಬೇಡವೇ ಬೇಡ.

ಬ್ಯಾಡಗಿ ಸೊಸೆ:
ಬ್ಲೀಚ್ ಅಂದಿರಿ, ಅದನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆ ಯಾವತ್ತೂ ಕೂಡಿಸಬೇಡಿ. ಜಾಸ್ತಿ ಸ್ವಚ್ಛ ಆಗಲಿ ಎಂದು ನಾನು ಒಮ್ಮೆ ಎರಡನ್ನೂ ಸುರಿದೆ. ಹಸಿರುಹಳದಿ ಹೊಗೆ ಎದ್ದು ಉಸಿರು ಕಟ್ಟಿತು. ಅದು ಕ್ಲೋರಿನ್. ಬಾಗಿಲು ತೆಗೆದಿದ್ದಕ್ಕೆ ಉಳಿದೆ.

ಕುಂದಗೋಳದ ಮೊಮ್ಮಗಳು:
ನುಸಿಗುಳಿಗೆ ಬಗ್ಗೆಯೂ ಹೇಳಿ ಸಿಸ್ಟರ್. ಟ್ರಂಕಿನಿಂದ ತೆಗೆದ ಸೀರೆಯಲ್ಲೇ ಕೂಸನ್ನು ಸುತ್ತುವುದು ನಮ್ಮಲ್ಲಿ ಇದೆ.

ಲೈನ್ ಬಜಾರ್ ಸಿಸ್ಟರ್:
ಎರಡು ಮೂರು ದಿನ ಬಿಸಿಲಿಗೆ ಹಾಕಿ, ಒಗೆದು, ಆಮೇಲೆ ಸುತ್ತಿ. ಗುಳಿಗೆಯಲ್ಲಿ ನ್ಯಾಫ್ತಲಿನ್ ಇದ್ದರೆ, ಕೆಲವು ಕೂಸುಗಳಿಗೆ ಹುಟ್ಟಿನಿಂದ ಒಂದು ಕಿಣ್ವ ಕಡಿಮೆ ಇರುತ್ತದೆ, ಅಂಥವರ ರಕ್ತಕಣ ಒಡೆದು ಜೋರು ಕಾಮಾಲೆ ಆಗುತ್ತದೆ. ಮುಂಚೆಯೇ ಯಾರಿಗೆ ಅದು ಇದೆ ಎಂದು ಗೊತ್ತಾಗುವುದಿಲ್ಲ. ಒಣಗಿಸಿದ ಬೇವಿನ ಸೊಪ್ಪು ಇಟ್ಟರೆ ಆಯಿತು.

ಗ್ಯಾಸ್ ಒಲೆ ರಿಪೇರಿ, ಹಾವೇರಿ:
ಇನ್ನೊಂದು ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದವರು ದಯವಿಟ್ಟು ಅದನ್ನು ಹೊರಗಿನ ಗೋಡೆಗೆ ಹಾಕಿಸಿ. ನಾನು ರಿಪೇರಿಗೆ ಹೋದ ಒಂದು ಮನೆಯಲ್ಲಿ ಕಾಲೇಜು ಹುಡುಗ ಸ್ನಾನಕ್ಕೆ ಹೋದವನು ಬರಲೇ ಇಲ್ಲ. ಬಾಗಿಲು ಒಡೆದು ಎತ್ತಿದೆವು. ಪುಣ್ಯಕ್ಕೆ ಉಳಿದ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆ ಸುತ್ತು, ಆಮೇಲೆ ಕಾಲಲ್ಲಿ ಬಲ ಇರುವುದಿಲ್ಲ. ಬಾಗಿಲವರೆಗೂ ಬರಲು ಆಗುವುದಿಲ್ಲ.

ವಿದ್ಯಾನಗರ ಬಾಲ್ಕನಿ:
ನಮ್ಮ ಬಚ್ಚಲಲ್ಲಿ ಸಣ್ಣ ಕಿಟಕಿ ಇದೆ. ಆದರೂ ಹೊರಗೆ ಬೇಕಾ?

ಗ್ಯಾಸ್ ಒಲೆ ರಿಪೇರಿ, ಹಾವೇರಿ:
ಚಳಿಗೆ ಆ ಕಿಟಕಿ ಹಾಕುತ್ತೀರಾ ಇಲ್ಲವಾ? ಹಾಕುತ್ತೀರಿ. ಹೊರಗೇ ಹಾಕಿಸಿ ಸರ್.

ನವನಗರದ ತಾಯಿ:
ಹದಿನೆಂಟು ದಿನ ಆಯಿತು, ಬಂದು ಹೇಳುತ್ತಿದ್ದೇನೆ.

ಕುಂದಗೋಳದ ಆಯಿಯ ಮಾತನ್ನು ಅತ್ತೆಗೆ ಓದಿದೆ. "ಬೆಳಕಿಂಡಿ ಇತ್ತೋ ಇಲ್ಲವೋ ಕೇಳು" ಅನ್ನುವಲ್ಲಿ ಅತ್ತೆ ನಿಲ್ಲಿಸು ಎಂದರು. ಮರುದಿನ ಸಂಜೆ ಅವರೇ ಅಡುಗೆಮನೆಯ ದೀಪ ಆರಿಸಿ, ಪಡುವಣ ಕಿಟಕಿಯ ಪರದೆಯನ್ನು ನಾಲ್ಕು ಬೆರಳು ಸರಿಸಿದರು. ಬಿಸಿಲಿನ ಕೋಲು ಒಳಗೆ ಬಿತ್ತು. ಊದಿನಕಡ್ಡಿ ಹಚ್ಚಿ ಅದರ ಕೆಳಗೆ ಹಿಡಿದರು. ಹೊಗೆ ಮೇಲೆ ಹೋಯಿತು, ಸಿಲಿಂಗಿಗೆ ತಾಗಿತು, ಹರಡಿತು, ಮೆಲ್ಲಗೆ ಗೋಡೆ ಹಿಡಿದು ಕೆಳಗೆ ಇಳಿಯತೊಡಗಿತು. ನಾವಿಬ್ಬರೂ ನಿಂತು ನೋಡಿದೆವು. ಅತ್ತೆ ಕಡ್ಡಿಯನ್ನು ನೀರಿಗೆ ಅದ್ದಿ, "ಇದಕ್ಕೆ ಹೋಗಲು ದಾರಿಯೇ ಇಲ್ಲವಲ್ಲ" ಎಂದರು. ಅವತ್ತಿನಿಂದ ಲೋಬಾನ ಟೆರೇಸಿನ ಮೇಲೆ.

ಸೊಳ್ಳೆ ಬತ್ತಿ ಬಿಟ್ಟಿದ್ದೇವೆ, ಪರದೆ ಕಟ್ಟಿದ್ದೇವೆ. ಫ್ರಿಜ್ ಹಿಂದೆ ನೋಡಿದೆ, ನಮ್ಮಲ್ಲೂ ಹುಳು ಇದ್ದವು. ಬಟ್ಟೆ ಬಾಲ್ಕನಿಗೆ. ಮನೆ ಮಾಲೀಕರು ಗೋಡೆ ಒಡೆಯಲು ಒಪ್ಪಲಿಲ್ಲ. ಒಲೆಯ ಮೇಲಿನ ವೆಂಟಿಲೇಟರಿನ ಎರಡು ಗಾಜು ಬಿಚ್ಚಿ ಅಲ್ಲಿ ಸಣ್ಣ ಫ್ಯಾನ್ ಕೂರಿಸಿದೆವು. ಬಿಟ್ಟು ಹೋಗುವಾಗ ಗಾಜು ಮತ್ತೆ ಹಾಕಿ ಕೊಡಬಹುದು.

ಇನ್ಹೇಲರ್ ಡಾಕ್ಟರ್ ಹೇಳಿದ ಹಾಗೆ ನಡೆದಿದೆ, ನಿಲ್ಲಿಸಿಲ್ಲ. ಕೆಮ್ಮು ಪೂರ್ತಿ ಹೋಗಿಲ್ಲ. ಆದರೆ ಈ ವಾರ ನಾಲ್ಕು ರಾತ್ರಿ ಅವನು ಏಳದೆ ಮಲಗಿದ. ಯಾವುದರಿಂದ ಎಷ್ಟು ಅನ್ನುವುದು ನನಗೆ ಹೇಳಲು ಬರುವುದಿಲ್ಲ.

ಒಂದೇ ತೊಂದರೆ ಉಳಿದಿದೆ. ಫ್ಯಾನ್ ನಿಲ್ಲಿಸಿದಾಗ ಆ ಸಂದಿಯಿಂದ ಸೊಳ್ಳೆ ಬರುತ್ತವೆ.

ಗದಗ ರೊಟ್ಟಿ ಅಕ್ಕ:
ಹೊರಗಡೆಯಿಂದ ಜಾಳಿಗೆ ಹೊಡೆಸಿ ತಂಗಿ. ಒಳಗಡೆ ಹೊಡೆಸಿದರೆ ಜಿಡ್ಡು ಹಿಡಿದು ಹದಿನೈದು ದಿನಕ್ಕೆ ಮುಚ್ಚಿಹೋಗುತ್ತದೆ. ಕಬ್ಬಿಣದ್ದು ಬೇಡ, ತುಕ್ಕು ಬರುತ್ತದೆ. ಅಲ್ಯೂಮಿನಿಯಂ ತಗೊಳ್ಳಿ.

ನವನಗರದ ತಾಯಿ:
ಅಳತೆ ಕೊಟ್ಟರೆ ಕತ್ತರಿಸಿ ಕೊಡುತ್ತಾರಾ?

ಹಳೇ ಹುಬ್ಬಳ್ಳಿ ಹುಡುಗ:
ದುರ್ಗದಬೈಲ್ ಹತ್ತಿರ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೊಡುತ್ತಾರೆ ಅಕ್ಕ. ನಾನೂ ನಾಳೆ ಬ್ಯಾರಲ್ ಬಾಯಿಗೆ ಅದೇ ತರಲು ಹೋಗುತ್ತಿದ್ದೇನೆ. ಅಳತೆ ಹೇಳಿ, ನಿಮ್ಮದೂ ತರುತ್ತೇನೆ.